ಕುಟ್ಟಪ್ಪ ಆಡದ ಮಾತು

ಕುಟ್ಟಪ್ಪ ಬಾಯಿ ಬಿಡಲಿಲ್ಲ ಅನ್ನುವ ಸಿಟ್ಟು ಗಾಳಿಬೀಡಿನ ದೇರಪ್ಪನಿಗೆ ಇವತ್ತಿಗೂ ಇಳಿದಿಲ್ಲ. ನೆರೆಮನೆಯವನು, ಜೊತೆಯಲ್ಲಿ ದನ ಕಾದವನು, ಅವತ್ತು ಕಲ್ಲಿನ ಹಾಗೆ ನಿಂತಿದ್ದ!

ದೇರಪ್ಪನದು ಎರಡು ಎಕರೆ ತುಂಬದ ತೋಟ. ಉಳಿದಂತೆ ಕಂಡವರ ಎಸ್ಟೇಟಿನಲ್ಲಿ ಮರ ಹತ್ತಿ ಕೊಂಬೆ ಕಡಿಯುವ ಕೂಲಿ. ಆದರೆ ಅಪ್ಪ ಹಾಕಿಸಿದ್ದ ದೊಡ್ಡ ಸಿಮೆಂಟ್ ಕಣ ಪಾಲಿನಲ್ಲಿ ಇವನಿಗೆ ಬಂದಿತ್ತು. ಕಾಫಿ ಹಣ್ಣು ಕೊಯ್ಯುವ ಪಿಕಿಂಗ್ ಸಮಯದಲ್ಲಿ ಒಣಗಿಸಲು ಕಣ ಇಲ್ಲದವರು ಅಲ್ಲಿಗೇ ಕಾಫಿ ತಂದು ಹರಡುವುದು ಹಿಂದಿನಿಂದ ನಡೆದು ಬಂದದ್ದು. ಯಾರೂ ಕೇಳುವುದಿಲ್ಲ, ಯಾರೂ ಬೇಡ ಅನ್ನುವುದಿಲ್ಲ. ಆ ವರ್ಷ ಕಣದ ತುಂಬ ಕುಟ್ಟಪ್ಪನ ಕಾಫಿ. ದೇರಪ್ಪನದು ಮೂಲೆಯಲ್ಲಿ ಒಂದಿಷ್ಟು.

ಅಂಥ ಹೊತ್ತಿನಲ್ಲಿ ಸ್ಪಂದನಾ ಅನ್ನುವ ಸರ್ವೆ ಹುಡುಗಿ ಟ್ಯಾಬ್ ಹಿಡಿದು ಬಂದಳು. ಬರೆದುಕೊಳ್ಳಲು ಬಂದವರು ಏನಾದರೂ ಕಿತ್ತುಕೊಳ್ಳದೆ ಹೋಗುವುದಿಲ್ಲ ಎಂಬುದು ದೇರಪ್ಪನ ನಂಬಿಕೆ.

"ಎಂತಕ್ಕೆ ಇದೆಲ್ಲ?"

"ಗಾಳಿಬೀಡು, ಪಾಲಿಬೆಟ್ಟ, ಶ್ರೀಮಂಗಲ, ಮೂರೂ ಕಡೆ ಜನ ಹೇಗಿದ್ದಾರೆ ಅಂತ ಹೋಲಿಸಿ ನೋಡ್ತೀವಿ ಅಣ್ಣ."

"ಪಾಲಿಬೆಟ್ಟದ ಎಸ್ಟೇಟ್ ಸಾಹುಕಾರ್ರನ್ನೂ ನನ್ನನ್ನೂ ಒಂದೇ ತಕ್ಕಡೀಲಿ ಕೂರಿಸ್ತೀಯಾ?"

"ಪಾಲಿಬೆಟ್ಟದಲ್ಲಿ ಲೈನ್ ಮನೆಯ ಕೂಲಿಯವರೂ ಇದ್ದಾರಲ್ಲ ಅಣ್ಣ."

ಎದುರು ಮಾತು ಬೇರೆ! ದೇರಪ್ಪನ ಅನುಮಾನ ಗಟ್ಟಿಯಾಯಿತು. ಅವಳು ಕಣದ ಕಡೆ ನೋಡಿದಳು. ಅಲ್ಲಿ ಕುಟ್ಟಪ್ಪ ತನ್ನ ಕಾಫಿಯನ್ನು ಎಳೆದು ತಿರುವಿಹಾಕುತ್ತಿದ್ದ.

"ಇಷ್ಟೂ ಕಾಫಿ ನಿಮ್ಮದೇನಾ?"

"ನನ್ನ ಕಣದಲ್ಲಿರೋದು ನನ್ನದಲ್ದೆ ಮತ್ತೆ ನಿಮ್ಮ ಸರ್ಕಾರದ್ದಾ? ಬರ್ಕೊಂಡು ನಡಿ!"

"ಅಲ್ಲಿ ಕಾಫಿ ಎಳೀತಿರೋರು ಕೆಲಸದವರಾ?"

ಕುಟ್ಟಪ್ಪ ತಲೆಗೆ ಸುತ್ತಿದ್ದ ಟವೆಲನ್ನು ಹಣೆಯವರೆಗೆ ಎಳೆದುಕೊಂಡು ಹೌದೆಂದು ತಲೆಯಾಡಿಸಿದ. ಅವಳು ಫೋಟೊ ತೆಗೆದುಕೊಂಡು ಹೋದಳು.

"ಕೂಲಿ ಎಷ್ಟು ಕೊಡ್ತೀರಿ ಧಣಿ?" ಎಂದು ಕುಟ್ಟಪ್ಪ ನಕ್ಕ. ದೇರಪ್ಪನೂ ನಕ್ಕ.

ಆ ಸರ್ವೆ ಲೆಕ್ಕದ ಮೇಲೆ ಮಳೆಗಾಲಕ್ಕೆ ದೇರಪ್ಪನ ಬಿಪಿಎಲ್ ಕಾರ್ಡ್ ರದ್ದಾಯಿತು. ಅಕ್ಕಿ ಹೋದದ್ದು ಹಾಗಿರಲಿ, ಆ ಕಾರ್ಡನ್ನು ನಂಬಿಯೇ ಹೆಂಡತಿ ಕಮಲಳ ಮಂಡಿಯ ಉಚಿತ ಆಪರೇಷನ್ನಿಗೆ ಹೆಸರು ಬರೆಸಿದ್ದರು. ಕುಟ್ಟಪ್ಪನ ಕಾರ್ಡ್ ಹಾಗೇ ಇತ್ತು.

"ಎಲ್ಲರ ಮೇಲೂ ಹಾರಾಡ್ತೀರಿ. ಅದು ಕುಟ್ಟಪ್ಪಂದು ಅಂತ ಒಂದ್ ಮಾತ್ ಹೇಳಿದ್ರೆ ಎಂತ ಆಗ್ತಿತ್ತ್?" ಎಂದಳು ಕಮಲ, ಗೋಡೆ ಹಿಡಿದು ನಡೆಯುತ್ತ.

ದೇರಪ್ಪ ಹೊರಗೆ ಬಂದು ಬೇಲಿಯಾಚೆ ನೋಡಿದ. ಸಿಟ್ಟೆಲ್ಲ ಕುಟ್ಟಪ್ಪನ ಕಡೆ ತಿರುಗಿತು. ಬೇಕೆಂದೇ ಸುಮ್ಮನಿದ್ದನೆ? ಆ ಹುಡುಗಿಗೆ ನನ್ನ ಮನೆ ದಾರಿ ತೋರಿಸಿದವನೂ ಇವನೇ ಇರಬಹುದೆ?

ಪಂಚಾಯಿತಿಗೆ ಹೋದರೆ ಅಲ್ಲಿನ ಗುಮಾಸ್ತ ಧರ್ಮೇಶ್ ಕಂಪ್ಯೂಟರ್ ನೋಡಿ, "ನೀವು ಪಾಲಿಬೆಟ್ಟದ ಸಾಹುಕಾರ್ರ ಸಾಲಿಗೇ ಬಂದಿದ್ದೀರಲ್ಲ ದೇರಪ್ಪಣ್ಣ!" ಎಂದು ಹಾಸ್ಯ ಮಾಡಿದ. ದೇರಪ್ಪ ಮೇಜು ಗುದ್ದಿದ ಮೇಲೆ ಹೇಳಿದ: "ಕಾಫಿ ಯಾರದೋ ಅವರೇ ಬಂದು ಹೇಳ್ಲಿ. ತಿದ್ದೋಕೆ ಮೇಲಕ್ಕೆ ಬರೀತೇವೆ."

ದೇರಪ್ಪ ನೇರ ಕುಟ್ಟಪ್ಪನ ಬೇಲಿ ಹತ್ತಿರ ಹೋಗಿ ನಿಂತ.

"ಅದೇನು ದೊಡ್ಡದು? ನಾಳೆಯೇ ಬರ್ತೇನೆ" ಎಂದ ಕುಟ್ಟಪ್ಪ.

ನಾಳೆ ಮಳೆ. ಆಮೇಲೆ ನಾಟಿ. ಆಮೇಲೆ ಜ್ವರ. ಆ ಕಾಫಿ ನನ್ನದು ಎಂದರೆ ಕುಟ್ಟಪ್ಪನ ಕಾರ್ಡಿಗೇ ಕುತ್ತು ಎಂಬುದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಆ ಸುದ್ದಿ ಎತ್ತಲಿಲ್ಲ.

ಈ ವರ್ಷ ಕುಟ್ಟಪ್ಪ ಕಣಕ್ಕೆ ಬರಲಿಲ್ಲ. ರಸ್ತೆ ಬದಿಯಲ್ಲಿ ಟಾರ್ಪಾಲು ಹಾಸಿ ಕಾಫಿ ಒಣಗಿಸಿದ. ಕಮಲ ಕೋಲೂರಿಕೊಂಡು ಹಾದು ಹೋದರೆ ತಲೆ ಎತ್ತುತ್ತಿರಲಿಲ್ಲ. ದೇರಪ್ಪ ಬಂದು ನಿಂತರೆ ಮಾತ್ರ, "ಈ ಬಿಸಿಲಲ್ಲಿ ಕಾಫಿ ಬಿಟ್ಟು ಹೇಗೆ ಬರ್ಲಿ ಅಣ್ಣ? ಒಣಗಿ ಮುಗೀಲಿ" ಅನ್ನುತ್ತಿದ್ದ.

ಕಾಫಿ ಒಣಗಿ ಮೂಟೆಯಾಗಿ ಹೋಯಿತು. ಕುಟ್ಟಪ್ಪ ಪಂಚಾಯಿತಿಯಲ್ಲಿ ಆಡಬೇಕಾದ ಆ ಒಂದು ಮಾತು ಇನ್ನೂ ಬಾಕಿ.