ತಂಬೂರಿ ಗುರುತಿಸಿದ ಶ್ರುತಿ

ಇದು ನಡೆದದ್ದು ಕಳೆದ ಮಾರ್ಚ್‌ನಲ್ಲಿ, ಕೊಪ್ಪದಲ್ಲಿ. ಹಳೆಯ ಗ್ರಾಮಫೋನ್ ತಟ್ಟೆಗಳನ್ನು ಕಂಪ್ಯೂಟರಿಗೆ ಇಳಿಸುವುದು ನನ್ನ ಕೆಲಸ. ತೊಂಬತ್ತು ದಾಟಿದ ಭಾಗೀರಥಮ್ಮನವರಿಗೆ, ಚಿಕ್ಕಂದಿನಲ್ಲೇ ತೀರಿಕೊಂಡ ತಾಯಿಯ ಹಾಡನ್ನು ಮತ್ತೆ ಕೇಳುವ ಆಸೆ. ಇದ್ದದ್ದು ಒಂದೇ ತಟ್ಟೆ. ಆಗಿನ ತಟ್ಟೆಗಳ ವೇಗ ಒಂದೇ ಸಮ ಇರುತ್ತಿರಲಿಲ್ಲ. ವೇಗ ತಪ್ಪಿದರೆ ಶ್ರುತಿ ತಪ್ಪಿ, ಧ್ವನಿ ಬೇರೆಯವರದಾಗುತ್ತದೆ.

“ಇದು ನಮ್ಮಮ್ಮ ಅಲ್ಲ ಮಾರಾಯ. ಯಾವ್ದೋ ಕೂಸು ಕಿರುಚಿದ ಹಾಗಿದೆ,” ಎಂದರು ಅಜ್ಜಿ, ಅವರ ಮನೆಯಲ್ಲೇ ಮೊದಲ ಸಲ ತಟ್ಟೆ ಹಾಕಿ ಕೇಳಿಸಿದಾಗ.

ವೇಗ ಇಳಿಸುತ್ತಾ ಹೋದೆ. ಒಂದು ಹಂತದಲ್ಲಿ, ಗೋಡೆಯ ಮೇಲೆ ಗವಸಿನೊಳಗಿದ್ದ ತಾಯಿಯ ತಂಬೂರಿ ತಾನಾಗಿಯೇ ಝೇಂಕರಿಸಿತು.

“ಹಾಂ, ಇಲ್ಲೇ ನಿಲ್ಸು! ಇದೇ ನಮ್ಮಮ್ಮ. ತಂಬೂರಿಗೂ ಗುರ್ತು ಸಿಕ್ತು ನೋಡು,” ಎಂದು ಅಜ್ಜಿ ಕಣ್ಣೊರೆಸಿಕೊಂಡರು.

“ಅದು ಅನುರಣನ, ಅಜ್ಜಿ. ಶ್ರುತಿ ಕೂಡಿದ್ರೆ ತಂತಿ ತಾನೇ ಮಿಡಿಯತ್ತೆ,” ಎಂದೆ.

ಫೋಟೊ ತೆಗೆಯಲು ಗವಸು ಸರಿಸಿದೆ. ತಂಬೂರಿಯಲ್ಲಿ ಒಂದು ತಂತಿಯೂ ಇರಲಿಲ್ಲ.