ಉಡಿಸದ ಹಸಿರು ಸೀರೆ

ಹೊರಡುವ ಹಿಂದಿನ ದಿನವೂ ಅವಳೇ ರೊಟ್ಟಿ ಬಡಿದಳು. ಎಂಬತ್ತರ ದಶಕದ ಮಾತು. ಊರಿಗೆ ಅವಳು ಆಗಿನ್ನೂ ನನ್ನ ತಮ್ಮ. ನಾನು ತವರಿಗೆ ಬಂದಿದ್ದೆ. ಕೊಳಕೂರಿನ ನಮ್ಮ ಮನೆಯ ಒಲೆಯ ಮುಂದೆ ಲುಂಗಿ ಮಡಚಿ ಕೂತು, ನನಗಿಂತ ತೆಳ್ಳಗೆ ಬಡಿಯುತ್ತಿದ್ದಳು. ಮಜ್ಜಿಗೆ ಕೇಳಲು ಬಂದ ಪಕ್ಕದ ಮನೆಯ ಮುದುಕಿ ನನಗೆ, "ಏನಬೇ, ತಮ್ಮನ ಕೈಲೆ ರೊಟ್ಟಿ ಬಡಿಸಾಕತ್ತೀಯಲ್ಲ, ನಾಚಿಕಿಲ್ಲೇನು?" ಎಂದಳು.

"ಇರ್ಲಿ ಬಿಡ್ರಿ ಆಯಿ, ಅಕ್ಕನ ರೊಟ್ಟಿ ಎಮ್ಮಿನೂ ತಿನ್ನಂಗಿಲ್ಲ," ಎಂದಳು ಇವಳು. ಮೂವರೂ ನಕ್ಕೆವು.

ಮರುದಿನ, ನನಗೊಬ್ಬಳಿಗೇ ಹೇಳಿ, ಮಹಾರಾಷ್ಟ್ರದ ಕಡೆಯ ಬಸ್ಸು ಹತ್ತಿದಳು. ಆಪರೇಷನ್ ಮಾಡಿಸಿಕೊಂಡು ಹೆಣ್ಣಾಗಿ ಬಂದಾಗ ಅಪ್ಪ ಬಾಗಿಲು ತೆಗೆಯಲಿಲ್ಲ. ಆಳಂದದಲ್ಲಿ ಒಂದು ಕೋಣೆ ಹಿಡಿದು ಕುಬಸ ಹೊಲಿಯತೊಡಗಿದಳು. ಗಾಯ ಮಾದಿತ್ತು. ಆದರೆ ಮೂತ್ರ ಸರಾಗವಾಗಿ ಆಗುತ್ತಿರಲಿಲ್ಲ. ಹೊಟ್ಟೆ ಹಿಡಿದು ಕೂತುಬಿಡುತ್ತಿದ್ದಳು. ಒಮ್ಮೆ ನೋಡಲು ಹೋದಾಗ, "ಇಷ್ಟು ತ್ರಾಸ ತಗೊಂಡು ಏನು ಸಿಕ್ತು ನಿನಗ?" ಎಂದು ಕೇಳಿಬಿಟ್ಟೆ.

"ಜಳಕ ಮಾಡುವಾಗ ಈಗ ಕಣ್ಣು ಮುಚ್ಚಂಗಿಲ್ಲಕ್ಕಾ," ಎಂದಳು.

ಆಮೇಲೆ ಒಂದು ಹಸಿರು ಸೀರೆ ತೆಗೆದು ನನ್ನ ಕೈಗಿಟ್ಟಳು. ನಮ್ಮಲ್ಲಿ ಸತ್ತವರನ್ನು ಕೂತ ಭಂಗಿಯಲ್ಲಿ ಕೂಡಿಸಿ ಮಣ್ಣು ಮಾಡುತ್ತಾರೆ. "ನಾ ಸತ್ತರ ಇದನ್ನ ಉಡಿಸಿ ಕುಂದ್ರಸು. ಧೋತರ ಉಡಿಸಿದರ ಎದ್ದು ಬರ್ತೇನಿ ನೋಡು."

"ಹುಚ್ಚಿ," ಎಂದು ಬೈದೆ. ಉಡಿಸುತ್ತೇನೆಂದು ಮಾತೂ ಕೊಟ್ಟೆ.

ಅದಾದ ಮೂರು ವರ್ಷಕ್ಕೆ ಮೂತ್ರ ಪೂರ್ತಿ ಕಟ್ಟಿ ಜ್ವರ ಏರಿತು. ಆಸ್ಪತ್ರೆಯಲ್ಲಿ ಗಂಡಸರ ಸಾಲಿಗೆ ನಿಲ್ಲಿಸುತ್ತಾರೆಂದು ಅಂಜಿ, ಹೋಗಲು ತಡಮಾಡಿದಳು. ಹೆಣವಾದ ಮೇಲೆ ಅಪ್ಪನೇ ಮನೆಗೆ ತರಿಸಿದ. ಮೈ ತೊಳೆಯಲು ಗಂಡಸರು ಒಳಗೆ ಹೋದರು. ನಾನು ಸೀರೆ ಹಿಡಿದು ಬಾಗಿಲಿಗೆ ಬಂದೆ.

"ಮಂದಿ ಮುಂದ ಮತ್ತ ನಗಿಪಾಟಲ ಬ್ಯಾಡವ್ವ," ಎಂದ ಅಪ್ಪ. ದನಿ ಏರಿಸಲೂ ಇಲ್ಲ. ಬೈದಿದ್ದರೆ ನಾನು ಜಗಳಾಡುತ್ತಿದ್ದೆನೇನೋ. ಸರಿದು ನಿಂತೆ.

ಒಳಗೆ ಅವಳ ಬಳೆ ಒಡೆಯುವುದು ಕೇಳಿಸಿತು. ಬಿಳಿ ಧೋತರ ಉಡಿಸಿ, ಹಣೆಗೆ ವಿಭೂತಿ ಹಚ್ಚಿ, ಎಡಗೈಯಲ್ಲಿ ಇಷ್ಟಲಿಂಗ ಇಟ್ಟು ಅವಳನ್ನು ಕೂಡಿಸಿದರು. ಬಂದವರೆಲ್ಲ ಅಪ್ಪನಿಗೆ ಮಗ ಹೋದನೆಂದು ಸಮಾಧಾನ ಹೇಳಿದರು. ನಾನು ಸೀರೆಯನ್ನು ಸೆರಗಿನಡಿ ಮುಚ್ಚಿಕೊಂಡೆ.

ಅವಳು ಎದ್ದು ಬರಲಿಲ್ಲ. ಸೀರೆ ಇಂದಿಗೂ ನನ್ನ ಟ್ರಂಕಿನಲ್ಲಿದೆ. ಅವಳ ಮೈಮೇಲೆ ಇಲ್ಲ.