ಬಿಸ್ಕಿಟ್‌ನ ಪೊರೆಗೆ ನಾನು ಹೇಳಿದ ತೆಂಗಿನೆಣ್ಣೆ

ಬಂಟ್ವಾಳ ತಾಲೂಕಿನಲ್ಲಿ ಇಪ್ಪತ್ತು ವರ್ಷ ಸರಕಾರಿ ಪಶುವೈದ್ಯನಾಗಿದ್ದು, ಸ್ವಯಂನಿವೃತ್ತಿ ಪಡೆದು ಮಸ್ಕತ್ತಿಗೆ ಬಂದವನು ನಾನು. ಬೌಷರ್‌ನ ಒಂದು ಖಾಸಗಿ ಪೆಟ್ ಕ್ಲಿನಿಕ್ಕಿನಲ್ಲಿ ಆಗ ನನಗೆ ನಾಲ್ಕನೇ ವರ್ಷ. ಕೊರೋನಾ ಗಲಾಟೆ ಮುಗಿದ ಮೇಲಿನ ಒಂದು ಜೂನ್ ತಿಂಗಳು. ಊರಲ್ಲಿ ದನ, ಎಮ್ಮೆ, ಆಡು ನೋಡಿದ ಕೈಗೆ ಇಲ್ಲಿ ಬೆಕ್ಕು, ಗಿಳಿ, ಆಮೆ ಬರುತ್ತಿದ್ದವು. ಹಾವು ನೋಡಿದ್ದು ಬೆರಳೆಣಿಕೆಯಷ್ಟು. ಹಾಗಿದ್ದರೂ ಯಾರಾದರೂ ಕೇಳಿದರೆ ‘ಗೊತ್ತಿಲ್ಲ’ ಎನ್ನುವ ಅಭ್ಯಾಸ ನನಗಿರಲಿಲ್ಲ. ನಮ್ಮ ಬ್ಯಾರಿ ಮುಸ್ಲಿಮರ ಪೈಕಿ ಮೊದಲ ಡಾಕ್ಟ್ರು ಅಂತ ಊರವರು ತಲೆ ಮೇಲೆ ಕೂರಿಸಿದ್ದರ ಫಲ ಅದು.

ಒಂದು ಸೋಮವಾರ ಊಟದ ಹೊತ್ತಿಗೆ ಶರಲ್ ಎಂಬ ಹುಡುಗಿ ಫೋನು ಮಾಡಿದಳು. ಉಡುಪಿ ಕಡೆಯ ಕೊಂಕಣಿ ಕುಟುಂಬದವಳು, ಕಾಲೇಜು ಓದುತ್ತಿದ್ದಳು. ಅವಳು ಸಾಕಿದ ಬಾಲ್ ಪೈಥಾನ್ ಹಾವಿನ ಹೆಸರು ಬಿಸ್ಕಿಟ್, ನಾಲ್ಕಡಿ ಉದ್ದ, ವಿಷವಿಲ್ಲದ್ದು. ಅದರ ಪೊರೆ ಅಲ್ಲಲ್ಲಿ ಹರಿದು ಮೈಗೆ ಅಂಟಿಕೊಂಡಿತ್ತು. ಹಾವಿನ ಪೊರೆ ಕಾಲುಚೀಲ ಕಳಚಿದ ಹಾಗೆ ಇಡಿಯಾಗಿ ಬರಬೇಕು. ಗಾಳಿಯಲ್ಲಿ ತೇವ ಕಡಿಮೆಯಾದರೆ ಹೀಗೆ ಅಂಟಿಕೊಳ್ಳುತ್ತದೆ. ಜೂನಿನಲ್ಲಿ ಹಗಲೂ ರಾತ್ರಿ ಎ.ಸಿ. ಓಡುವ ಕೋಣೆಯಲ್ಲಿ ತೇವ ಎಲ್ಲಿಂದ ಬರಬೇಕು? ಅದನ್ನು ಕೇಳುವ ವ್ಯವಧಾನ ನನಗಿರಲಿಲ್ಲ. ಬಾಯಲ್ಲಿ ಅನ್ನವಿತ್ತು. ಊರಿನ ತೆಂಗಿನೆಣ್ಣೆ ಮನೆಯಲ್ಲಿದೆಯಲ್ಲ, ಸವರು, ಸಡಿಲಾದ ಮೇಲೆ ಎಳೆದು ತೆಗೆ ಎಂದುಬಿಟ್ಟೆ. ಕೆಚ್ಚಲು ಬಿರುಕು ಬಿಟ್ಟ ದನಗಳಿಗೆ ಇಪ್ಪತ್ತು ವರ್ಷ ಹೇಳಿದ ಮದ್ದು ಅದು. ಒಂದು ನಿಮಿಷದ ಮಾತೂ ಆಗಿರಲಿಕ್ಕಿಲ್ಲ.

ಗುರುವಾರ ಬೆಳಿಗ್ಗೆ ಕ್ಲಿನಿಕ್ಕು ತೆರೆಯುತ್ತಿದ್ದಂತೆ ಅವಳ ಅಪ್ಪ ವಲೇರಿಯನ್ ಒಳಗೆ ಬಂದರು. ಕಂಪನಿಯೊಂದರ ಆಫೀಸಿನಲ್ಲಿ ಕೆಲಸ, ಇಸ್ತ್ರಿ ಮಾಡಿದ ಅಂಗಿ. ಎಡಗೈಗೆ ಸುತ್ತಿದ ಟವೆಲ್ಲಿನಲ್ಲಿ ರಕ್ತ, ಬಲಗೈಯಲ್ಲಿ ಮುಚ್ಚಳ ಹಾಕಿದ ಬಕೆಟ್ಟು. ಹಿಂದೆ ಶರಲ್, ತುಟಿ ಒಡೆದಿತ್ತು.

ನಡೆದದ್ದನ್ನು ಅವರೇ ಹೇಳಿದರು. ಮೂರು ದಿನ ಎಣ್ಣೆ ಹಚ್ಚಿದರೂ ಪೊರೆ ಬಿಡಲಿಲ್ಲ. ಮಗಳಿಗೆ ಪರೀಕ್ಷೆ, ಓದು ಬಿಟ್ಟು ಅಳುತ್ತಾ ಕೂತಿದ್ದಳು. ಹಾವೆಂದರೆ ಹೆದರಿ ಸಾಯುವ ಈ ಮನುಷ್ಯ ಅವಳಿಗಾಗಿ ಆ ಬೆಳಿಗ್ಗೆ ಚಿಮಟ ಹಿಡಿದು ಬಚ್ಚಲಲ್ಲಿ ಕೂತರು. ತಲೆಯಿಂದಲೇ ಎಳೆದರು. ಹಾವಿಗೆ ರೆಪ್ಪೆಯಿಲ್ಲ, ಕಣ್ಣಿನ ಮೇಲೊಂದು ಪಾರದರ್ಶಕ ಹುರುಪೆಯಿರುತ್ತದೆ, ಪೊರೆಯ ಜೊತೆ ಅದೂ ಕಳಚಬೇಕು. ಎಡಗಣ್ಣಿನದನ್ನು ಅವರು ಕಿತ್ತರು. ಕಣ್ಣೇ ಹರಿದು ರಕ್ತ ಚಿಮ್ಮಿತು. ಹಾವು ಅವರ ಹೆಬ್ಬೆರಳಿನ ಬುಡ ಕಚ್ಚಿ ಹಿಡಿಯಿತು. ಅವರು ಅದನ್ನು ಮೂರು ಸಲ ಗೋಡೆಗೆ ಅಪ್ಪಳಿಸಿದರು. ಆಮೇಲೆ ಎಣ್ಣೆ ಹಚ್ಚಲು ಹೇಳಿದ್ದು ಯಾರೆಂದು ಮಗಳನ್ನು ಕೇಳಿದರು. ಡಾಕ್ಟರ್ ಎಂದಳು. ಸುಳ್ಳು ಹೇಳುತ್ತಾಳೆಂದು ಕೆನ್ನೆಗೆ ಬಾರಿಸಿದರು.

“ಯಾವ ಡಾಕ್ಟ್ರು ಹಾವಿಗೆ ಎಣ್ಣೆ ಹಚ್ಚ್ಲಿಕ್ಕೆ ಹೇಳ್ತಾನೆ, ನೀವೇ ಹೇಳಿ,” ಎಂದು ನನ್ನನ್ನೇ ಕೇಳಿದರು.

“ಅಂಕಲ್, ಟೆಲ್ ಹಿಮ್,” ಎಂದಳು ಶರಲ್.

ಪಕ್ಕದ ಕೋಣೆಯಲ್ಲಿ ಕಫೀಲ್, ಅಂದರೆ ನನ್ನ ವೀಸಾ ಕೈಯಲ್ಲಿದ್ದ ಕ್ಲಿನಿಕ್ಕಿನ ಮಾಲೀಕರು, ಕೂತಿದ್ದರು. ಮರುತಿಂಗಳು ನನ್ನ ವೀಸಾ ನವೀಕರಣವಿತ್ತು. “ಮೊದಲು ಹಾವನ್ನು ನೋಡ್ತೇನೆ,” ಎಂದು ಬಕೆಟ್ಟಿನತ್ತ ಬಗ್ಗಿದೆ. ನಾನು ಹೇಳಿಲ್ಲವೆಂದೇ ಅದರರ್ಥ ಎಂದು ವಲೇರಿಯನ್ ತಿಳಿದರು. ತಿರುಗಿ, ಕೈಯ ಹಿಂಬದಿಯಿಂದ ಮಗಳ ಮುಖಕ್ಕೆ ಹೊಡೆದರು. ಅವಳು ತೂಕದ ಯಂತ್ರದ ಮೇಲೆ ಬಿದ್ದಳು. ನಮ್ಮ ನರ್ಸ್ ಓಡಿ ಬಂದು ಎಬ್ಬಿಸಿದಳು. ನಾನು ಗ್ಲೌಸು ಹಾಕಿಕೊಳ್ಳುತ್ತಾ ನಿಂತಿದ್ದೆ.

“ಇಂಜೆಕ್ಷನ್ ಕೊಟ್ಟು ಕೊಂದುಬಿಡಿ ಡಾಕ್ಟ್ರೇ. ಖಲಾಸ್,” ಎಂದರು. ಆಗುವುದಿಲ್ಲ, ಇದು ಬದುಕುತ್ತದೆ ಎಂದೆ. ಅಷ್ಟು ಹೇಳುವ ಧೈರ್ಯ ಮಾತ್ರ ಇತ್ತು.

ಕಣ್ಣು ಕಾಣದ ಹಾವು ನೆರಳಿಗೂ ಎರಗುತ್ತದೆ. ಕೈ ಹಾಕಿದ್ದೇ ನನ್ನ ಮಣಿಕಟ್ಟು ಕಚ್ಚಿತು. ಅದರ ಹಲ್ಲು ಒಳಮುಖವಾಗಿ ಬಾಗಿರುತ್ತವೆ, ಎಳೆದರೆ ನಮ್ಮ ಮಾಂಸವೇ ಹರಿಯುತ್ತದೆ. ಬಾಯಿಗೆ ನೀರು ಬಿಡುತ್ತಾ, ಅದು ತಾನಾಗಿ ಬಿಡುವ ತನಕ ಕಾದೆ. ಆಮೇಲೆ ಗ್ಯಾಸ್ ಅನಸ್ತೇಶಿಯಾ ಕೊಟ್ಟು ಎಕ್ಸ್‌ರೇ ತೆಗೆದೆವು. ಎರಡು ಪಕ್ಕೆಲುಬು ಮುರಿದಿದ್ದವು. ಎಡಗಣ್ಣನ್ನು ತೆಗೆದು ಹೊಲಿದೆ.

ಹಾವಿಗೆ ಎಚ್ಚರವಾದ ಮೇಲೆ ಮಾಡಿದ್ದು, ಸೋಮವಾರವೇ ಹೇಳಬೇಕಾಗಿದ್ದ ಕೆಲಸ. ಉಗುರುಬೆಚ್ಚಗಿನ ನೀರಿನಿಂದ ಎಣ್ಣೆ ತೊಳೆದು, ಒದ್ದೆ ಟವೆಲ್ಲಿನಲ್ಲಿ ಸಡಿಲವಾಗಿ ಸುತ್ತಿದೆವು. ಶರಲ್ ಟವೆಲ್ ಹಿಡಿದುಕೊಂಡಳು. ಹಾವು ತಾನೇ ಅದರೊಳಗಿಂದ ಹರಿದು ಬರುವಾಗ ಪೊರೆ ಬಟ್ಟೆಗೆ ಉಜ್ಜಿ ತುಂಡುತುಂಡಾಗಿ ಬಿಟ್ಟುಕೊಂಡಿತು. ಯಾರೂ ಎಳೆಯಲಿಲ್ಲ. ಬಲಗಣ್ಣಿನ ಹುರುಪೆಯನ್ನು ಮುಟ್ಟದೆ, ಮುಂದಿನ ಪೊರೆಯ ಜೊತೆ ತಾನೇ ಕಳಚಲೆಂದು ಬಿಟ್ಟೆ. ಅರ್ಧ ಗಂಟೆಯ ಕೆಲಸ, ಅಷ್ಟೇ.

ಅವಳ ಊದಿದ ತುಟಿ ನನ್ನ ಮುಖದಿಂದ ಒಂದು ಗೇಣು ದೂರದಲ್ಲಿತ್ತು. ನಾನು ಗ್ಲೌಸು ಕಳಚಿಟ್ಟೆ. ಹೊರಗೆ ಹೋಗಿ ವಲೇರಿಯನ್ ಮುಂದೆ ನಿಂತೆ. ನಮ್ಮ ಕಡೆ ಕ್ರೈಸ್ತರನ್ನು ಗೌರವದಿಂದ ಕರೆಯುವಂತೆಯೇ ಕರೆದೆ.

“ಪೊರ್ಬುಗಳೇ, ಎಣ್ಣೆ ಹಚ್ಚ್ಲಿಕ್ಕೆ ಹೇಳಿದ್ದು ನಾನೇ. ನಿಮ್ಮ ಮಗಳು ಸುಳ್ಳು ಹೇಳ್ಲಿಲ್ಲ.”

ಅವರು ಎದ್ದು ನನ್ನ ಕಾಲರ್ ಹಿಡಿದು ಔಷಧದ ಕಪಾಟಿಗೆ ದೂಡಿದರು. ಬೆನ್ನ ಹಿಂದೆ ಗಾಜು ಒಡೆಯಿತು. ದವಡೆಗೆ ಬಿದ್ದ ಗುದ್ದಿಗೆ ಬಾಯಿಯೆಲ್ಲ ರಕ್ತ. ನಾನು ಕೈ ಎತ್ತಲಿಲ್ಲ. ಎರಡನೆಯದಕ್ಕೆ ಎತ್ತಿದ ಕೈಯನ್ನು ಅವರೇ ಇಳಿಸಿ, ನೆಲದ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತರು.

ಕಫೀಲ್ ಓಡಿ ಬಂದರು. ಅವರಿಗೂ ನಿಜ ಹೇಳಿದೆ. ಬೈದರು, ಕೆಲಸದಿಂದ ತೆಗೆಯಲಿಲ್ಲ. ನಾನು ಬೆಳಿಗ್ಗೆಯಿಂದ ಹೆದರಿದ್ದು ಇಷ್ಟಕ್ಕೇ.

ಶರಲ್ ಅಪ್ಪನತ್ತ ನೋಡಲೇ ಇಲ್ಲ. ಹಾವಿನ ಪೆಟ್ಟಿಗೆಯನ್ನು ಎದೆಗೆ ಒತ್ತಿಕೊಂಡು ನನ್ನ ಮುಂದೆ ಬಂದು ನಿಂತಳು.

“ಅಂಕಲ್, ಬೆಳಿಗ್ಗೆ ನಾನು ಕೇಳಿದಾಗ ಹೇಳ್ಬಹುದಿತ್ತಲ್ಲ?”

ಹೊಲಿಗೆ ತೆಗೆಸಲು ಅವಳು ಬೇರೆ ಕ್ಲಿನಿಕ್ಕಿಗೆ ಹೋದಳಂತೆ. ಮುಂದಿನ ಪೊರೆ ಇಡಿಯಾಗಿ ಬಂತಂತೆ, ಬಲಗಣ್ಣೂ ಉಳಿಯಿತಂತೆ. ಇದೆಲ್ಲ ನರ್ಸ್ ಹೇಳಿ ಗೊತ್ತಾದದ್ದು.

ಈಗ ಫೋನಿನಲ್ಲಿ ಮದ್ದು ಹೇಳುವುದನ್ನು ಬಿಟ್ಟಿದ್ದೇನೆ. ಆದರೆ ಈ ಕೆಲಸ ನನಗೆ ಕಲಿಸಿದ್ದು ಅದಲ್ಲ. ತಪ್ಪು ಮದ್ದು ಯಾವ ವೈದ್ಯನ ಬಾಯಲ್ಲಾದರೂ ಬಂದೀತು, ಮೊದಲ ಏಟಿನ ಹೊತ್ತಿಗೆ ನಾನು ಅಲ್ಲಿರಲೂ ಇಲ್ಲ. ಎರಡನೇ ಏಟು ಬೀಳುವಾಗ ನಾನು ಎರಡು ಮಾರು ದೂರದಲ್ಲಿ ನಿಂತಿದ್ದೆ. ಅದನ್ನು ತಡೆಯಲು ‘ನಾನೇ’ ಎಂಬ ಒಂದು ಮಾತು ಸಾಕಿತ್ತು.